ಪೆಂಡಿಯ ಗಂಟು ಬಿಚ್ಚಿದರೆ ತಪ್ಪು ಯಾರದು?

ಭತ್ತದ ಕೊಯ್ಲಿಗೆ ಕಂಬೈನ್ ಯಂತ್ರ ಬಂದ ಮೇಲೆ ನಮ್ಮ ನೀರಾವರಿ ಪ್ರದೇಶಗಳ ಸುಗ್ಗಿಯ ರೀತಿಯೇ ಬದಲಾಗಿದೆ. ಕುಡುಗೋಲಿನಿಂದ ಕೊಯ್ದು, ಸಿವುಡು ಕಟ್ಟಿ, ಕಣಕ್ಕೆ ಹೊತ್ತು, ಬಡಿದು, ಹುಲ್ಲನ್ನು ಬಣವೆ ಒಟ್ಟುವ ಕೆಲಸ ಈಗ ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಬಹಳ ಕಡಿಮೆಯಾಗಿದೆ. ಕಾಳು ಒಂದು ತಾಸಿನಲ್ಲಿ ಟ್ರಾಲಿಗೆ ಬಂದು ಬೀಳುತ್ತದೆ, ಹುಲ್ಲು ಮಾತ್ರ ಗದ್ದೆಯಲ್ಲಿ ಸಾಲುಸಾಲಾಗಿ ಬಿದ್ದಿರುತ್ತದೆ. ಅದನ್ನು ಕೈಯಿಂದ ಬಾಚಿ ಒಟ್ಟುವಷ್ಟು ಆಳುಗಳು ಸಿಗುವುದಿಲ್ಲ. ಆದುದರಿಂದಲೇ ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋಗುವ, ಹುಲ್ಲನ್ನು ತಾನೇ ಎತ್ತಿ, ಒತ್ತಿ, ಕಟ್ಟಿ ಹಿಂದಕ್ಕೆ ತಳ್ಳುವ ಬೇಲರ್ ಯಂತ್ರಗಳು ನಮ್ಮಲ್ಲಿಗೆ ಬಂದಿವೆ. ಉರುಟಾದ ಪೆಂಡಿ ಸುತ್ತುವ ಯಂತ್ರವೂ ಇದೆ, ಚೌಕಾಕಾರದ ಪೆಂಡಿ ಕಟ್ಟುವ ಯಂತ್ರವೂ ಇದೆ. ಈ ಲೇಖನದಲ್ಲಿ ಎರಡನೆಯದನ್ನು ಕುರಿತು, ಅಂದರೆ ಸುಮಾರು 14 ಅಂಗುಲ ಎತ್ತರ, 18 ಅಂಗುಲ ಅಗಲದ ಪೆಂಡಿಗೆ ಎರಡು ಹುರಿ ಬಿಗಿಯುವ ಸಣ್ಣ ಬೇಲರನ್ನು ಕುರಿತು ಮಾತ್ರ ಬರೆಯುತ್ತಿದ್ದೇನೆ.

ಈ ಯಂತ್ರವಿರುವ ಯಾವ ಊರಿಗೆ ಹೋದರೂ ಕೇಳಿಬರುವ ದೂರು ಒಂದೇ: "ಗಂಟು ನಿಲ್ಲುತ್ತಿಲ್ಲ ಸಾರ್." ಹತ್ತು ಪೆಂಡಿ ಸರಿಯಾಗಿ ಬರುತ್ತವೆ, ಹನ್ನೊಂದನೆಯದು ಹಿಂಬದಿಯಲ್ಲಿ ಬಿಚ್ಚಿಕೊಂಡು ಹುಲ್ಲಾಗಿ ಸುರಿಯುತ್ತದೆ. ಚಾಲಕ ಇಳಿದು ಬರುತ್ತಾನೆ, ಸ್ಪ್ಯಾನರ್ ಹಿಡಿದು ಕಣ್ಣಿಗೆ ಕಂಡ ನಟ್ಟನ್ನೆಲ್ಲ ಬಿಗಿಮಾಡುತ್ತಾನೆ. ಮುಂದೆ ಎರಡೂ ಬದಿಯ ಗಂಟು ಕೆಡುತ್ತದೆ. ಪಟ್ಟಣದ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಸುಗ್ಗಿಯ ದಿನಗಳಲ್ಲಿ ಅವನು ಬರುವುದು ಎರಡು ದಿನದ ಮೇಲೆ. ಅಷ್ಟರಲ್ಲಿ ಮಳೆ ಹನಿಯಬಹುದು, ಕಾಲುವೆಗೆ ನೀರು ಬಿಡಬಹುದು, ಪಕ್ಕದ ಗದ್ದೆಯವರು ನಾಟಿಗೆ ಅವಸರಪಡಿಸಬಹುದು. ಕೊನೆಗೆ ಒಂದು ಬೆಂಕಿಕಡ್ಡಿಯಲ್ಲಿ ವ್ಯವಹಾರ ಮುಗಿಯುತ್ತದೆ. ಒಂದು ವರ್ಷ ನಾಲ್ಕು ರಾಸುಗಳನ್ನು ಸಾಕಬಹುದಾಗಿದ್ದ ಮೇವು ಮೇವಾಗುವುದೋ ಹೊಗೆಯಾಗುವುದೋ ಎಂಬುದನ್ನು ಅಂಗೈಯಗಲದ ಒಂದು ಕಬ್ಬಿಣದ ಭಾಗ ನಿರ್ಧರಿಸುವಂತಾಗಿದೆ.

ಬೇಲರಿನಲ್ಲಿ ಗಂಟು ಹಾಕುವ ಈ ಭಾಗಕ್ಕೆ ನಾಟರ್ ಎನ್ನುತ್ತಾರೆ. ಅದರ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಅದಕ್ಕೆ ಸಲ್ಲತಕ್ಕವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಕಡಿಮೆ ಬೆಲೆಯ ಹುರಿಯನ್ನು ತಂದು, ಹಸಿ ಹುಲ್ಲನ್ನು ತುಂಬಿ, ಯಂತ್ರಕ್ಕೆ ಅಂಟಿದ ದೂಳನ್ನು ವಾರಗಟ್ಟಲೆ ಕೊಡವದೆ, ಕೊನೆಗೆ ನಾಟರ್ ಸರಿಯಿಲ್ಲವೆಂದು ಹೇಳುತ್ತೇವೆ. ಇನ್ನೊಂದು ಮಾತನ್ನೂ ಹೇಳಬೇಕು. ನಾಟರ್ ಬಗ್ಗೆ ಕಲಿಯುವುದು ಮೆಕ್ಯಾನಿಕನ ಕೆಲಸ, ನಮ್ಮದಲ್ಲ ಎಂಬ ಭಾವನೆ ಬೇಲರ್ ಇಟ್ಟುಕೊಂಡ ರೈತರಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪುವುದಿಲ್ಲ. ನೇಗಿಲಿನ ಗುಳ ಎಷ್ಟು ಆಳಕ್ಕೆ ಇಳಿಯಬೇಕು ಎಂದು ಬಡಗಿಯನ್ನು ಕೇಳುತ್ತಾ ಕೂತ ರೈತ ನಮ್ಮಲ್ಲಿ ಎಂದೂ ಇರಲಿಲ್ಲ.

ಗಂಟು ಬೀಳುವ ಬಗೆ

ಮನೆಯಲ್ಲಿ ಹೂ ಕಟ್ಟುವವರ ಬೆರಳುಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಬಾಳೆನಾರನ್ನು ಬೆರಳಿಗೆ ಸುತ್ತಿ ಕುಣಿಕೆ ಮಾಡುತ್ತಾರೆ, ಅದನ್ನು ಬೆರಳಿನಿಂದ ಜಾರಿಸಿ ಹೂವಿನ ತೊಟ್ಟಿನ ಮೇಲೆ ಇಳಿಸಿ ಎಳೆಯುತ್ತಾರೆ. ನಾಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಇದರಲ್ಲಿ ಬೆರಳಿನ ಬದಲು ಹಕ್ಕಿಯ ಕೊಕ್ಕಿನ ಆಕಾರದ ಒಂದು ಉಕ್ಕಿನ ತುಂಡಿದೆ. ಇದೇ ಬಿಲ್‌ಹುಕ್. ಕನ್ನಡದಲ್ಲಿ ಕೊಕ್ಕು ಎಂದೇ ಕರೆಯೋಣ. ಕೊಕ್ಕಿಗೆ ತೆರೆದು ಮುಚ್ಚುವ ಒಂದು ನಾಲಗೆ ಇದೆ. ಪಕ್ಕದಲ್ಲಿ ಹುರಿಯ ತುದಿಯನ್ನು ಕಚ್ಚಿ ಹಿಡಿಯುವ, ಅಂಚಿನಲ್ಲಿ ಕಚ್ಚುಗಳುಳ್ಳ ಒಂದು ತಟ್ಟೆ ಇದೆ. ಚಾಕು ಕೂಡಿಸಿದ ಒಂದು ತೋಳು ಇದೆ. ಕೆಳಗಿನಿಂದ ಹುರಿಯನ್ನು ಮೇಲಕ್ಕೆ ತರುವ, ಬಾಗಿದ ದೊಡ್ಡ ಸೂಜಿ ಇದೆ.

ಹುರಿಯ ಒಂದು ತುದಿ ಮೇಲೆ ತಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ಅದು ಹುಲ್ಲು ಬರುವ ದಾರಿಗೆ ಅಡ್ಡಲಾಗಿ ಕೆಳಗಿಳಿದು ಸೂಜಿಯ ಕಣ್ಣಿನ ಮೂಲಕ ಹುರಿಪೆಟ್ಟಿಗೆಗೆ ಹೋಗಿರುತ್ತದೆ. ಹುಲ್ಲು ಒತ್ತಿಕೊಂಡು ಬಂದಂತೆ ಈ ಹುರಿಯನ್ನು ಹಿಂದಕ್ಕೆ ತಳ್ಳುತ್ತದೆ. ಹೀಗೆ ಪೆಂಡಿಯ ಹಿಂಬದಿ, ಮೇಲ್ಬದಿ, ಕೆಳಬದಿ ಮೂರನ್ನೂ ಹುರಿ ಸುತ್ತಿಕೊಳ್ಳುತ್ತದೆ. ಪೆಂಡಿ ಬೇಕಾದ ಉದ್ದಕ್ಕೆ ಬಂದಾಗ ಸೂಜಿ ಮೇಲೆದ್ದು, ಮುಂಬದಿಯನ್ನೂ ಸುತ್ತಿಸಿ, ಹುರಿಯನ್ನು ತಟ್ಟೆಯ ಬಳಿಗೆ ತರುತ್ತದೆ. ಈಗ ಕೊಕ್ಕಿನ ಮೇಲೆ ಎರಡು ಹುರಿಗಳು ಒಟ್ಟಿಗೆ ಮಲಗಿವೆ. ಮೊದಲಿನಿಂದ ತಟ್ಟೆಯಲ್ಲಿದ್ದುದನ್ನು ಹಳೆಯ ಹುರಿ ಎಂದೂ ಸೂಜಿ ತಂದದ್ದನ್ನು ಹೊಸ ಹುರಿ ಎಂದೂ ಕರೆಯೋಣ. ತಟ್ಟೆ ತಿರುಗಿ ಹೊಸದನ್ನೂ ಹಿಡಿದುಕೊಳ್ಳುತ್ತದೆ. ಕೊಕ್ಕು ಒಂದು ಸುತ್ತು ತಿರುಗಿ ಕುಣಿಕೆ ಮಾಡುತ್ತದೆ, ನಾಲಗೆ ತೆರೆದು ಎರಡೂ ಹುರಿಗಳನ್ನು ಕಚ್ಚುತ್ತದೆ, ಕೊಕ್ಕಿಗೂ ತಟ್ಟೆಗೂ ನಡುವೆ ಚಾಕು ಕತ್ತರಿಸುತ್ತದೆ, ಚಾಕುವಿನ ತೋಳೇ ಕುಣಿಕೆಯನ್ನು ಕೊಕ್ಕಿನಿಂದ ಒರೆಸಿ ಕೆಳಕ್ಕೆ ಜಾರಿಸುತ್ತದೆ. ಗಂಟು ಬಿದ್ದಿತು. ಹೊಸ ಹುರಿಯ ತುದಿ ತಟ್ಟೆಯಲ್ಲಿಯೇ ಉಳಿದು ಮುಂದಿನ ಪೆಂಡಿಗೆ ಹಳೆಯ ಹುರಿಯಾಗುತ್ತದೆ. ಇಷ್ಟೆಲ್ಲವೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆಯೇನೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಜಾನ್ ಆಪಲ್‌ಬಿ ಎಂಬಾತ 1870ರ ದಶಕದ ಕೊನೆಯಲ್ಲಿ ಗೋಧಿಯ ಸಿವುಡು ಕಟ್ಟುವ ಯಂತ್ರಕ್ಕಾಗಿ ಈ ಗಂಟಿನ ಸಾಧನವನ್ನು ರೂಪಿಸಿದ. ಅದಕ್ಕೂ ಮೊದಲು ಸಿವುಡುಗಳನ್ನು ತಂತಿಯಿಂದ ಕಟ್ಟುವ ಯಂತ್ರಗಳಿದ್ದವು. ಆದರೆ ತಂತಿಯ ಚೂರುಗಳು ಮೇವಿನಲ್ಲಿ ಸೇರಿ ದನದ ಹೊಟ್ಟೆಗೆ ಹೋಗುತ್ತವೆಂದು ಅಲ್ಲಿಯ ರೈತರು ಅವನ್ನು ಒಲ್ಲೆನೆಂದರು. ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಗದ್ದೆಯಲ್ಲಿ ಓಡಾಡುತ್ತಲೇ ಹುಲ್ಲನ್ನೆತ್ತಿ ಹುರಿ ಕಟ್ಟುವ ಬೇಲರನ್ನು ಪೆನ್ಸಿಲ್ವೇನಿಯದ ಎಡ್ವಿನ್ ನೋಲ್ಟ್ ಎಂಬ ರೈತ ಮಾಡಿ ತೋರಿಸಿದ್ದು 1930ರ ದಶಕದ ಕೊನೆಯಲ್ಲಿ. ಅಂದಿನಿಂದ ಇಂದಿನವರೆಗೆ ಗಂಟು ಹಾಕುವ ಮೂಲ ಕ್ರಮ ಹೆಚ್ಚು ಬದಲಾಗಿಲ್ಲ. ರೈತನೇ ಮಾಡಿದ ಯಂತ್ರವನ್ನು ರೈತನು ಅರಿಯಲಾರ ಎಂಬುದರಲ್ಲಿ ಅರ್ಥವಿಲ್ಲ.

ತಪ್ಪಿದ ಹುರಿಯನ್ನು ಎಸೆಯಬೇಡಿ

ಪೆಂಡಿ ಬಿಚ್ಚಿದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಪ್ಯಾನರನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಬಿಚ್ಚಿದ ಹುರಿಯನ್ನು ಹುಲ್ಲಿನಿಂದ ಎಳೆದು ಎರಡೂ ತುದಿಗಳನ್ನು ನೋಡುವುದು. ವೈದ್ಯರು ನಾಡಿ ನೋಡಿದಂತೆ ಇದು. ರೋಗವೇನೆಂದು ತುದಿಗಳೇ ಹೇಳುತ್ತವೆ. ಪೆಂಡಿಯ ಮೇಲ್ಬದಿಯಿಂದ ಬಂದ ತುದಿ ಹಳೆಯ ಹುರಿಯದು, ಮುಂಬದಿಯಿಂದ ಮೇಲೆ ಬಂದದ್ದು ಹೊಸ ಹುರಿಯದು.

ಹಳೆಯ ಹುರಿಯಲ್ಲಿ ಮಾತ್ರ ಗಂಟು ಬಿದ್ದಿದ್ದು, ಹೊಸದರಲ್ಲಿ ಗಂಟಿನ ಗುರುತೂ ಇಲ್ಲವೆಂದಿಟ್ಟುಕೊಳ್ಳಿ. ಸೂಜಿ ತನ್ನ ಹುರಿಯನ್ನು ಸರಿಯಾದ ಜಾಗಕ್ಕೆ ತಂದು ಇಡಲಿಲ್ಲವೆಂದು ಇದರ ಅರ್ಥ. ಇಂಥಲ್ಲಿ ನಾಟರನ್ನು ಮುಟ್ಟುವ ಕಾರಣವೇ ಇಲ್ಲ. ಹುರಿಪೆಟ್ಟಿಗೆಯ ಬಳಿ ಹುರಿಯನ್ನು ಬಿಗಿಹಿಡಿಯುವ ಒತ್ತುಸ್ಪ್ರಿಂಗ್ ಸಡಿಲವಾಗಿ ಹುರಿ ಜೋಲುತ್ತಿರಬಹುದು. ಸೂಜಿ ಕಲ್ಲಿಗೋ ಬದುವಿಗೋ ತಾಗಿ ಬಾಗಿರಬಹುದು. ಅಥವಾ ಸೂಜಿಗೂ ತಟ್ಟೆಗೂ ನಡುವೆ ಹುಲ್ಲಿನ ಚೂರು ತುಂಬಿಕೊಂಡಿರಬಹುದು. ಭತ್ತದ ಹುಲ್ಲಿನಲ್ಲಿ ಈ ಕೊನೆಯ ಕಾರಣವೇ ಹೆಚ್ಚು.

ಇದಕ್ಕೆ ವಿರುದ್ಧವಾಗಿ ಹೊಸ ಹುರಿಯಲ್ಲಿ ಮಾತ್ರ ಗಂಟಿದ್ದರೆ, ಹಳೆಯ ತುದಿ ಗಂಟು ಬೀಳುವ ಮೊದಲೇ ತಟ್ಟೆಯ ಹಿಡಿತದಿಂದ ತಪ್ಪಿಸಿಕೊಂಡಿದೆ. ಈಗ ಆ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಚಾಕುವಿನಿಂದ ಕತ್ತರಿಸಿದಂತೆ ನೇರವಾಗಿದ್ದರೆ ಅದು ಇಡಿಯಾಗಿ ಜಾರಿ ಹೊರಬಂದದ್ದು. ಹಿಂದಿನ ಪೆಂಡಿಯ ವೇಳೆ ಚಾಕು ಮಾಡಿದ ಕತ್ತರಿಕೆಯೇ ಹಾಗೇ ಉಳಿದಿದೆ. ಆದುದರಿಂದ ತಟ್ಟೆಯ ಹಿಡಿತ ಸಡಿಲವಾಗಿದೆ, ಅದರ ಸ್ಪ್ರಿಂಗನ್ನು ಸ್ವಲ್ಪ ಬಿಗಿಮಾಡಬೇಕು. ತುದಿ ಜಜ್ಜಿಹೋಗಿ ಜುಂಗುಜುಂಗಾಗಿ ಕೆದರಿದ್ದರೆ ಹಿಡಿತ ಅತಿಯಾಗಿ ಬಿಗಿಯಿದೆ, ತಟ್ಟೆಯೇ ಹುರಿಯನ್ನು ಅರೆದು ತುಂಡುಮಾಡಿದೆ. ಆಗ ಸಡಿಲಿಸಬೇಕು. ಎರಡೂ ಕಡೆ ಪೆಂಡಿ ಬಿಚ್ಚುವುದು ಒಂದೇ ರೀತಿ, ಆದರೆ ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ತುದಿ ನೋಡದೆ ನಟ್ಟು ತಿರುಗಿಸುವವನಿಗೆ ಸರಿಯಾಗುವ ಸಾಧ್ಯತೆ ಎಷ್ಟೋ ಕೆಡುವ ಸಾಧ್ಯತೆಯೂ ಅಷ್ಟೇ.

ಎರಡು ತುದಿಗಳಲ್ಲೂ ಗಂಟಿಲ್ಲ, ಆದರೆ ಎರಡೂ ಸುರುಳಿ ಸುತ್ತಿದಂತೆ ಮುರುಟಿಕೊಂಡಿವೆ ಎನ್ನೋಣ. ಕೊಕ್ಕು ತಿರುಗಿದೆ, ಕುಣಿಕೆಯೂ ಆಗಿದೆ, ಆದರೆ ನಾಲಗೆಯ ಕಚ್ಚು ಸಾಲದೆ ತುದಿಗಳು ಕುಣಿಕೆಯಿಂದ ಹೊರಬಿದ್ದಿವೆ. ನಾಲಗೆಯನ್ನು ಒತ್ತುವ ಸ್ಪ್ರಿಂಗನ್ನು ಬಿಗಿಮಾಡಬೇಕು. ಪ್ಲಾಸ್ಟಿಕ್ ಹುರಿಗೆ ಬದಲಾದವರಲ್ಲಿ ಇದು ಸಾಮಾನ್ಯ, ಏಕೆಂದರೆ ಅದು ಕತ್ತಾಳೆ ಹುರಿಗಿಂತ ನುಣುಪು, ಜಾರುವ ಗುಣ ಹೆಚ್ಚು. ತುದಿಗಳು ಸುರುಳಿಯೇ ಇಲ್ಲದೆ ನೆಟ್ಟಗಿದ್ದರೆ ಕೊಕ್ಕು ಹುರಿಯನ್ನು ಹಿಡಿದೇ ಇಲ್ಲ. ಅದು ಹಲ್ಲುಚಕ್ರಗಳ ಹೊಂದಾಣಿಕೆಯ ವಿಷಯವಾಗಿರಬಹುದು. ಅಲ್ಲಿ ಮೆಕ್ಯಾನಿಕನನ್ನು ಕರೆಸುವುದರಲ್ಲಿ ಅವಮಾನವಿಲ್ಲ.

ಗಂಟು ಚೆನ್ನಾಗಿ ಬಿದ್ದು ಕೊಕ್ಕಿನಲ್ಲೇ ನೇತಾಡುತ್ತಾ, ಪೆಂಡಿ ಮುಂದೆ ಸರಿದಾಗ ಹುರಿ ಅಲ್ಲೇ ಕಿತ್ತುಹೋಗುವುದು ಇನ್ನೊಂದು ಬಗೆ. ನಾಲಗೆ ಅತಿ ಬಿಗಿಯಾಗಿದ್ದರೆ ಹೀಗಾಗುತ್ತದೆ. ಕೊಕ್ಕಿಗೆ ತುಕ್ಕು ಹಿಡಿದು ಒರಟಾಗಿದ್ದರೂ ಆಗುತ್ತದೆ. ಚಾಕುವಿನ ತೋಳು ಸವೆದು ಕೊಕ್ಕನ್ನು ಸರಿಯಾಗಿ ಒರೆಸದಿದ್ದರೂ ಆಗುತ್ತದೆ. ಮೊದಲು ಕೊಕ್ಕನ್ನು ಬೆರಳಿನಿಂದ ಸವರಿ ನೋಡಿ. ಒರಟು ತಾಗಿದರೆ ನಯವಾದ ಎಮೆರಿ ಬಟ್ಟೆಯಿಂದ ಉಜ್ಜಿ ಕನ್ನಡಿಯಂತೆ ಮಾಡಿ. ಮಳೆಗಾಲವಿಡೀ ಬಯಲಲ್ಲಿ ನಿಂತ ಯಂತ್ರದಲ್ಲಿ ಹಂಗಾಮಿನ ಮೊದಲ ದಿನದ ತೊಂದರೆ ಎಷ್ಟೋ ಸಲ ಇಷ್ಟೇ ಆಗಿರುತ್ತದೆ. ಇನ್ನು ಗಂಟಿನ ಹೊರಗೆ ಉಳಿದ ಬಾಲ ಉದ್ದಗಿಡ್ಡವಾಗಿ ಕೆದರಿದ್ದರೆ ಚಾಕು ಮೊಂಡಾಗಿದೆ. ಮಸೆದರೆ ಸಾಕು.

ಗಂಟು ಗಟ್ಟಿಯಾಗಿಯೇ ಇದ್ದು ಹುರಿ ಬೇರೆ ಕಡೆ ತುಂಡಾಗಿದ್ದರೆ ನಾಟರ್ ನಿರಪರಾಧಿ. ಹುರಿ ದುರ್ಬಲವಾಗಿದೆ, ಇಲ್ಲವೇ ಪೆಂಡಿಯನ್ನು ಅಳತೆ ಮೀರಿ ಒತ್ತಲಾಗುತ್ತಿದೆ, ಇಲ್ಲವೇ ಹುರಿ ಹಾದುಬರುವ ಬಳೆಗಳಲ್ಲಿ, ಸೂಜಿಯ ಕಣ್ಣಿನಲ್ಲಿ ಗೀರು ಬಿದ್ದು ಅಲ್ಲಿ ಕೊಯ್ಯುತ್ತಿದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಂಶ ಬಹಳ. ಅದರ ದೂಳು ಹತ್ತಿದ ಹುರಿ ಕಬ್ಬಿಣವನ್ನೂ ಅರದಂತೆ ಸವೆಸುತ್ತದೆ.

ಒಂದು ಬದಿಯ ಗಂಟು ಮಾತ್ರ ಪದೇ ಪದೇ ಕೆಡುತ್ತಿದ್ದರೆ ಸುಲಭವಾದ ಒಂದು ಪರೀಕ್ಷೆ ಇದೆ. ಎಡಬದಿಯ ಹುರಿ ಉಂಡೆಯನ್ನು ಬಲಕ್ಕೂ ಬಲಬದಿಯದನ್ನು ಎಡಕ್ಕೂ ಬದಲಿಸಿ ಹತ್ತು ಪೆಂಡಿ ಕಟ್ಟಿ. ತೊಂದರೆಯೂ ಬದಿ ಬದಲಿಸಿದರೆ ದೋಷ ಹುರಿಯದು. ಅಲ್ಲಿಯೇ ನಿಂತರೆ ಆ ಬದಿಯ ನಾಟರ್ ಅಥವಾ ಸೂಜಿಯದು. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡಿ ನೋಡಿದವರು ಕಡಿಮೆ.

ಹೊಂದಾಣಿಕೆ ಮಾಡುವಾಗ ಒಂದು ಸಲಕ್ಕೆ ಒಂದೇ ನಟ್ಟನ್ನು, ಅದೂ ಕಾಲು ಸುತ್ತು ಮಾತ್ರ ತಿರುಗಿಸಬೇಕು. ತಿರುಗಿಸುವ ಮೊದಲು ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿಟ್ಟರೆ ಹಿಂದಿರುಗಲು ದಾರಿ ಇರುತ್ತದೆ. ಒಂದೇ ಸಲಕ್ಕೆ ಮೂರು ಕಡೆ ತಿರುಗಿಸಿದ ಮೇಲೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಬ್ರಹ್ಮನೂ ಹೇಳಲಾರ. ಅಂದಹಾಗೆ, ಖಾಲಿ ಯಂತ್ರದಲ್ಲಿ ಕಟ್ಟಿದ ಮೊದಲ ಒಂದೆರಡು ಪೆಂಡಿಗಳು ಸಡಿಲವಾಗಿಯೋ ಗಂಟಿಲ್ಲದೆಯೋ ಬಂದರೆ ಗಾಬರಿಯಾಗಬಾರದು. ಹಿಂದೆ ತಡೆಯೊಡ್ಡುವ ಪೆಂಡಿ ಇಲ್ಲದಾಗ ಬಿಗಿ ಬರುವುದಿಲ್ಲ, ಅಷ್ಟೇ.

ಕೈಯ ಮಾತು

ಇದನ್ನು ಕೊನೆಯಲ್ಲಿ ಎಚ್ಚರಿಕೆಯ ಟಿಪ್ಪಣಿಯಾಗಿ ಹಾಕುವ ರೂಢಿಯಿದೆ. ನಾನು ನಡುವೆಯೇ ಹಾಕುತ್ತೇನೆ, ಏಕೆಂದರೆ ಮೇಲಿನದನ್ನು ಓದಿದ ಉತ್ಸಾಹದಲ್ಲಿ ಯಾರಾದರೂ ನೇರವಾಗಿ ಯಂತ್ರದ ಬಳಿ ಹೋದಾರು. ನಾಟರಿಗೆ ಕೈಹಾಕುವ ಮೊದಲು ಟ್ರ್ಯಾಕ್ಟರಿನ ಪಿ.ಟಿ.ಓ. ಬಿಡಿಸಬೇಕು, ಎಂಜಿನ್ ನಿಲ್ಲಿಸಬೇಕು, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಎಂಜಿನ್ ನಿಂತರೂ ಬೇಲರಿನ ಭಾರದ ಫ್ಲೈವೀಲ್ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೂ ಕಾಯಬೇಕು. ನಾಟರ್ ಕೆಲಸ ಮಾಡುವುದನ್ನು ನೋಡಬೇಕೆಂದಿದ್ದರೆ, ಫ್ಲೈವೀಲನ್ನು ಕೈಯಿಂದ ಅದು ತಿರುಗುವ ದಿಕ್ಕಿನಲ್ಲಿಯೇ ನಿಧಾನವಾಗಿ ತಿರುಗಿಸಿ ನೋಡಬೇಕು, ಆಗ ಇನ್ನೊಬ್ಬರ ಕೈ ಒಳಗಿರಬಾರದು. ಓಡುತ್ತಿರುವ ಯಂತ್ರದಲ್ಲಿ ಸಿಕ್ಕಿಕೊಂಡ ಹುರಿಯನ್ನು ಬೆರಳಿನಿಂದ ಬಿಡಿಸಲು ಹೋಗುವುದನ್ನು ಕಂಡಿದ್ದೇನೆ. ಸೂಜಿ ಮೇಲೇಳುವುದು ಯಾರಿಗೂ ಹೇಳಿಕೇಳಿ ಅಲ್ಲ. ಅದು ಒತ್ತಿದ ಹುಲ್ಲನ್ನು ದಾಟಿ ಬರುವಂಥದು, ಅಂಗೈ ಅದಕ್ಕೆ ಲೆಕ್ಕವಿಲ್ಲ. ಸಡಿಲ ಪಂಚೆ, ಟವೆಲು ಹೊದ್ದು ಪಿ.ಟಿ.ಓ. ಶಾಫ್ಟಿನ ಬಳಿ ಹೋಗುವುದೂ ಸಲ್ಲದು.

ಹುರಿಯ ಲೆಕ್ಕಾಚಾರ

ಉತ್ತಮ ಹುರಿಯ ಲಕ್ಷಣ ಅದರ ಉದ್ದಕ್ಕೂ ಒಂದೇ ದಪ್ಪ ಇರುವುದು. ದಪ್ಪ ತೆಳುವು ಬಂದರೆ ತಟ್ಟೆಯ ಹಿಡಿತವನ್ನು ಯಾವುದಕ್ಕೆಂದು ಹೊಂದಿಸುವುದು? ದಪ್ಪಕ್ಕೆ ಹೊಂದಿಸಿದರೆ ತೆಳುವು ಜಾರುತ್ತದೆ, ತೆಳುವಿಗೆ ಹೊಂದಿಸಿದರೆ ದಪ್ಪ ಅರೆಯುತ್ತದೆ. ಅಂಗಡಿಯಲ್ಲಿ ನಾಲ್ಕು ಮಾರು ಎಳೆದು ಬೆರಳ ನಡುವೆ ಹಾಯಿಸಿ ನೋಡಿ ಕೊಳ್ಳಿ. ಎರಡು ಬದಿಗೆ ಎರಡು ಬಗೆಯ ಹುರಿ ಹಾಕಬೇಡಿ. ಉಂಡೆಯ ಒಳಗಿನಿಂದ ಬರುವ ತುದಿಯನ್ನೇ ಎಳೆಯಬೇಕು, ಹೊರಗಿನಿಂದ ಬಿಚ್ಚಿದರೆ ಉಂಡೆ ಉರುಳಾಡಿ ಹುರಿ ಸಿಕ್ಕಾಗುತ್ತದೆ. ಒಂದು ಉಂಡೆಯ ಹೊರತುದಿಯನ್ನು ಮುಂದಿನ ಉಂಡೆಯ ಒಳತುದಿಗೆ ಚಪ್ಪಟೆಯಾಗಿ ಕೂರುವ ಗಂಟಿನಿಂದ ಕಟ್ಟಿ, ಮಿಕ್ಕ ಬಾಲವನ್ನು ಅರ್ಧ ಅಂಗುಲಕ್ಕೆ ಕತ್ತರಿಸಬೇಕು. ಕಡುಬಿನ ಗಾತ್ರದ ಗಂಟು ಹಾಕಿದರೆ ಅದು ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಂಡು, ಇಷ್ಟು ಹೊತ್ತು ಚೆನ್ನಾಗಿದ್ದ ಯಂತ್ರ ಇದ್ದಕ್ಕಿದ್ದಂತೆ ಕೆಟ್ಟಂತೆ ತೋರುತ್ತದೆ.

ಹುರಿಯನ್ನು ಬಿಸಿಲಿನಲ್ಲಿ ಇಡಬಾರದು. ಪ್ಲಾಸ್ಟಿಕ್ ಹುರಿ ಬಿಸಿಲಿಗೆ ಒಣಗಿ ಸೀಳುತ್ತದೆ, ಕತ್ತಾಳೆ ಹುರಿಯನ್ನು ಇಲಿ ಕಡಿಯುತ್ತದೆ. ಹೋದ ವರ್ಷ ಉಳಿದ ಉಂಡೆಯನ್ನು ಈ ವರ್ಷ ಬಳಸುವ ಮೊದಲು ಒಂದು ತುಂಡನ್ನು ಕೈಗೆ ಸುತ್ತಿ ಜಗ್ಗಿ ನೋಡಿ. ಹುರಿಯಲ್ಲಿ ನಾಲ್ಕು ಕಾಸು ಉಳಿಸಿ ಹಂಗಾಮಿನಲ್ಲಿ ಅರ್ಧ ದಿನ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಹುಲ್ಲಿನ ಕಡೆಯಿಂದ

ಬೇಸಾಯಶಾಸ್ತ್ರದವನಾದ ನನಗೆ ಈ ಭಾಗ ಹೆಚ್ಚು ಮುಖ್ಯವೆನಿಸುತ್ತದೆ. ಕಂಬೈನಿನಿಂದ ಬಿದ್ದ ಹುಲ್ಲಿನಲ್ಲಿ ಇನ್ನೂ ಹಸಿರು ಇರುತ್ತದೆ. ಎರಡು ಮೂರು ಬಿಸಿಲು ಕಾಣಿಸಿ, ಒಮ್ಮೆ ಮಗುಚಿ, ಸಮನಾದ ಸಾಲಾಗಿ ಬಾಚಿದ ಮೇಲೆಯೇ ಬೇಲರ್ ಇಳಿಸಬೇಕು. ತೇವ ಶೇ. 15ರ ಆಸುಪಾಸಿಗೆ ಬಂದಿರಬೇಕು. ಒಂದು ಹಿಡಿ ಹುಲ್ಲನ್ನು ಹಿಂಡಿ ತಿರುಚಿದಾಗ ಕೈಗೆ ತಂಪು ತಾಗದೆ, ಕಾಂಡ ಚಟಚಟನೆ ಮುರಿದರೆ ಸರಿಯೆಂದು ತಿಳಿಯಬಹುದು. ಹಸಿ ಹುಲ್ಲಿನ ಪೆಂಡಿ ಒಳಗೆ ಕಾವೇರಿ ಬೂಷ್ಟು ಹಿಡಿಯುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ. ಗಂಟಿಗೂ ಅದರಿಂದ ಕೇಡು ಎಂಬುದನ್ನು ಮಾತ್ರ ಗಮನಿಸಿದವರು ಕಡಿಮೆ. ತೇವದ ಹುಲ್ಲು ಪೆಂಡಿಗೂಡಿನ ಗೋಡೆಗೆ ಅಂಟಿ ಹೆಚ್ಚು ಉಜ್ಜುತ್ತದೆ, ಪೆಂಡಿ ಭಾರವಾಗಿ ಬಿಗಿಯಾಗಿ ಬರುತ್ತದೆ, ಆ ಬಿಗಿಗೆ ಹುರಿ ಕಿತ್ತುಕೊಳ್ಳುತ್ತದೆ. ಬೆಳಗಿನ ಮಂಜು ಆರದ ಮುನ್ನ ಆರಂಭಿಸಿದರೆ ಹುರಿ ಹರಿಯುತ್ತದೆ, ಮಧ್ಯಾಹ್ನ ಅದೇ ಹೊಂದಾಣಿಕೆಯಲ್ಲಿ ಪೆಂಡಿ ಸಡಿಲವಾಗುತ್ತದೆ. ಯಂತ್ರ ಬದಲಾಗಿಲ್ಲ, ಬದಲಾದದ್ದು ಹುಲ್ಲು. ಒತ್ತಡದ ತಿರುಪನ್ನು ದಿನದಲ್ಲಿ ಎರಡು ಸಲವಾದರೂ ನೋಡಿಕೊಳ್ಳಬೇಕಾಗುತ್ತದೆ.

ಸಾಲು ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬೋಳು ಆಗಿದ್ದರೆ ಪೆಂಡಿ ಬಾಳೆಹಣ್ಣಿನಂತೆ ಬಾಗುತ್ತದೆ. ಹೊರಬಾಗಿನ ಹುರಿ ಬಿಗಿದು ಕಿತ್ತುಹೋಗುತ್ತದೆ, ಒಳಬಾಗಿನದು ಜೋಲುತ್ತದೆ. ಅಂಥಲ್ಲಿ ಗೇರು ಇಳಿಸಿ ನಿಧಾನವಾಗಿ ಹೋಗಬೇಕು. ಆದರೆ ಪಿ.ಟಿ.ಓ. ವೇಗವನ್ನು ನಿಮಿಷಕ್ಕೆ 540 ಸುತ್ತುಗಳಿಂದ ಕೆಳಗಿಳಿಸಬಾರದು.

ಪೆಂಡಿ ಕಟ್ಟಿ ಮಾರುವವರಿಗೆ ಇನ್ನೊಂದು ಮಾತು, ವಿಷಯಾಂತರವಾದರೂ ಹೇಳದೆ ಇರಲಾರೆ. ಒಂದು ಟನ್ ಭತ್ತದ ಹುಲ್ಲಿನೊಂದಿಗೆ ಸುಮಾರು 15ರಿಂದ 25 ಕಿ.ಗ್ರಾಂ. ಪೊಟ್ಯಾಷ್ ನಿಮ್ಮ ಗದ್ದೆ ಬಿಟ್ಟು ಲಾರಿ ಹತ್ತುತ್ತದೆ. ಹುಲ್ಲನ್ನು ನಿಮ್ಮ ದನವೇ ತಿಂದು ಗೊಬ್ಬರ ಗದ್ದೆಗೆ ಮರಳಿದರೆ ಆ ಮಾತು ಬೇರೆ. ವರ್ಷಕ್ಕೆರಡು ಬೆಳೆಯ ಹುಲ್ಲನ್ನೂ ಮಾರುವವರು ಪೊಟ್ಯಾಷ್ ಗೊಬ್ಬರವನ್ನು ಮರೆಯುವಂತಿಲ್ಲ. ಹುಲ್ಲಿನ ಬೆಲೆ ಕಟ್ಟುವಾಗ ಇದನ್ನೂ ಸೇರಿಸಿಕೊಳ್ಳಿ.

ಬಾಡಿಗೆಯ ಬೇಲರ್

ನಮ್ಮಲ್ಲಿ ಬೇಲರ್ ಸ್ವಂತಕ್ಕೆ ಇರುವವರಿಗಿಂತ ಬಾಡಿಗೆಗೆ ತರಿಸುವವರು ಬಹಳ ಹೆಚ್ಚು. ಖಾಸಗಿಯವರಿಂದಲೂ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳಿಂದಲೂ ತರಿಸುತ್ತಾರೆ. ಪೆಂಡಿಗೆ ಇಷ್ಟೆಂದು ದರ ಮಾತಾಡುವ ಪದ್ಧತಿಯಲ್ಲಿ ಒಂದು ತೊಡಕಿದೆ. ಪೆಂಡಿ ಸಡಿಲವಾದಷ್ಟೂ ಎಣಿಕೆ ಹೆಚ್ಚುತ್ತದೆ, ನಿಮ್ಮ ಹಣವೂ ಹೆಚ್ಚು ಹೋಗುತ್ತದೆ. ಗಂಟು ನಿಲ್ಲಲಿ ಎಂದು ಚಾಲಕ ಒತ್ತಡವನ್ನು ಪೂರಾ ಇಳಿಸಿಬಿಡುವುದು ಸುಲಭದ ಉಪಾಯ. ಹುರಿ ಹರಿಯುವುದಿಲ್ಲ, ಆದರೆ ಅಂಥ ಪೆಂಡಿಯನ್ನು ಎತ್ತಿದಾಗ ಹುಲ್ಲು ಜಾರಿ ಹುರಿ ಕೈಯಲ್ಲಿ ಉಳಿಯುತ್ತದೆ. ಮೊದಲ ಹತ್ತು ಪೆಂಡಿಗಳಲ್ಲಿ ಒಂದೆರಡನ್ನು ತಕ್ಕಡಿಗೆ ಹಾಕಿ ತೂಕ ಒಪ್ಪಿಕೊಂಡ ಮೇಲೆಯೇ ಕೆಲಸ ಮುಂದುವರಿಯಲಿ, ಬಿಚ್ಚಿದ ಪೆಂಡಿ ಎಣಿಕೆಗೆ ಬರಬಾರದು, ಎಂದು ಮೊದಲೇ ಮಾತಾಡಿಕೊಳ್ಳುವುದು ಮೇಲು. ಇದರಿಂದ ಚಾಲಕನಿಗೂ ಗಂಟಿನ ಕಡೆ ಲಕ್ಷ್ಯ ಬರುತ್ತದೆ.

ಯಂತ್ರ ಮಾರುವವರಿಗೂ ಒಂದು ಮಾತು ಸಲ್ಲುತ್ತದೆ. ಬೇಲರಿನೊಂದಿಗೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿದ್ದರೆ ಅದು ಚಾಲಕನ ಕೈಗೆ ಹೋಗುವುದಿಲ್ಲ, ಮಾಲೀಕನ ಬೀರುವಿನಲ್ಲಿ ಬಿಲ್ಲಿನ ಜೊತೆ ಕೂರುತ್ತದೆ. ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರದ ಜೊತೆ ಕನ್ನಡದಲ್ಲಿ, ಚಿತ್ರಸಮೇತ ಹತ್ತು ಪುಟಗಳ ಪುಸ್ತಿಕೆ ಕೊಡುವುದು ದೊಡ್ಡ ಖರ್ಚೇನಲ್ಲ. ಪ್ರಾತ್ಯಕ್ಷಿಕೆಯನ್ನು ಅಂಗಡಿಯ ಅಂಗಳದಲ್ಲಿ ಖಾಲಿ ಯಂತ್ರ ತಿರುಗಿಸಿ ಮುಗಿಸುವುದರಿಂದ ಪ್ರಯೋಜನವಿಲ್ಲ. ಕೊಯ್ಲಾದ ಗದ್ದೆಯಲ್ಲಿ, ದೂಳಿನ ನಡುವೆ, ಬೇಕೆಂದೇ ಒಂದು ಸ್ಪ್ರಿಂಗನ್ನು ಸಡಿಲಿಸಿ ಗಂಟು ತಪ್ಪಿಸಿ, ಏಕೆ ತಪ್ಪಿತೆಂದು ಕೊಳ್ಳುವವನಿಂದಲೇ ಹೇಳಿಸಬೇಕು. ಹಾಗೆ ಮಾಡದ ಮಾರಾಟಗಾರನಿಗೆ ಪೂರ್ತಿ ಹಣ ಕೊಡುವ ಮೊದಲು ನೀವೇ ಅದನ್ನು ಕೇಳಿ ಪಡೆಯಿರಿ. ನಾಲಗೆ, ಚಾಕು, ಸ್ಪ್ರಿಂಗ್, ಶಿಯರ್ ಬೋಲ್ಟ್ ಇವುಗಳ ಒಂದೊಂದು ಜೊತೆಯಾದರೂ ಯಂತ್ರದ ಪೆಟ್ಟಿಗೆಯಲ್ಲಿ ಇರಲಿ. ಶಿಯರ್ ಬೋಲ್ಟ್ ಮುರಿದಾಗ ಕೈಗೆ ಸಿಕ್ಕ ಗಟ್ಟಿ ಬೋಲ್ಟನ್ನು ಹಾಕುವುದು ಮಾತ್ರ ಕೂಡದು. ಅದು ಮುರಿಯಲೆಂದೇ ಇರುವುದು. ಅದು ಮುರಿಯದಿದ್ದರೆ ಸೂಜಿ ಮುರಿಯುತ್ತದೆ.

ಕೊಟ್ಟಿಗೆಯಲ್ಲಿ

ಆಪಲ್‌ಬಿಯ ಕಾಲದ ರೈತರು ತಂತಿಯನ್ನು ಬೇಡವೆಂದ ಕಾರಣವನ್ನು ಮೇಲೆ ಹೇಳಿದೆ. ಇಂದು ನಮ್ಮ ಪೆಂಡಿಗಳಿಗೆ ಸುತ್ತುತ್ತಿರುವುದು ಹೆಚ್ಚಾಗಿ ಪ್ಲಾಸ್ಟಿಕ್ ಹುರಿ. ಅಗ್ಗ, ಕೊಳೆಯುವುದಿಲ್ಲ, ಇಲಿ ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಆ ಕೊಳೆಯದ ಗುಣವೇ ದನದ ಹೊಟ್ಟೆಯಲ್ಲಿ ಶತ್ರುವಾಗುತ್ತದೆ. ಹುಲ್ಲಿನೊಂದಿಗೆ ನುಂಗಿದ ಹುರಿ ಕರಗುವುದಿಲ್ಲ, ಮೆಲುಕಿಗೂ ಬರುವುದಿಲ್ಲ. ಮೊದಲ ಹೊಟ್ಟೆಯಲ್ಲಿ ಉಳಿದು, ಒಂದರ ಮೇಲೊಂದು ಸುತ್ತಿಕೊಂಡು ಉಂಡೆಯಾಗುತ್ತದೆ. ದನ ಮೇವು ಬಿಡುತ್ತದೆ, ಸೊರಗುತ್ತದೆ. ಕಾರಣ ಹೊರಗೆ ಕಾಣುವುದಿಲ್ಲ. ಕತ್ತಾಳೆ ಹುರಿ ಸಿಗುವ ಕಡೆ, ಬೆಲೆ ಸ್ವಲ್ಪ ಹೆಚ್ಚಾದರೂ ಮೇವಿನ ಪೆಂಡಿಗೆ ಅದನ್ನೇ ಬಳಸುವುದು ಒಳ್ಳೆಯದೆಂದು ನನ್ನ ಅಭಿಮತ. ಪ್ಲಾಸ್ಟಿಕ್ಕನ್ನೇ ಬಳಸುವುದಾದರೆ ಲೆಕ್ಕ ಇಡಬೇಕು. ಒಂದು ಪೆಂಡಿಗೆ ಎರಡು ಹುರಿ. ಗಂಟಿನ ಪಕ್ಕದಲ್ಲೇ ಕತ್ತರಿಸಿ, ಎರಡನ್ನೂ ಇಡಿಯಾಗಿ ಎಳೆದು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ ಮೇಲೆಯೇ ಹುಲ್ಲನ್ನು ಗೋದಲಿಗೆ ಹಾಕಿ. ಐದು ಪೆಂಡಿ ಬಿಚ್ಚಿದ ದಿನ ಗೂಟದಲ್ಲಿ ಹತ್ತು ಹುರಿ ಇರಬೇಕು. ಒಂಬತ್ತಿದ್ದರೆ ಗೋದಲಿಯನ್ನು ಕೆದಕಿ ಹುಡುಕಬೇಕು. ಗದ್ದೆಯಲ್ಲಿ ಗಂಟು ತಪ್ಪಿ ಬಿದ್ದ ಹುರಿಗೂ ಇದೇ ನಿಯಮ, ಅದು ಮುಂದಿನ ಸಲ ಹುಲ್ಲಿನೊಂದಿಗೆ ಬೇಲರಿಗೆ ಹೋಗಿ ಪೆಂಡಿಯ ಒಳಗೆ ಅಡಗುತ್ತದೆ.

ಹಂಗಾಮು ಮುಗಿದ ದಿನ ತಟ್ಟೆಯಲ್ಲಿ, ಕೊಕ್ಕಿನಲ್ಲಿ ಸಿಕ್ಕಿರುವ ಹುರಿಯನ್ನೆಲ್ಲ ತೆಗೆದುಬಿಡಿ, ಅದು ತೇವ ಹೀರಿ ತುಕ್ಕು ತರುತ್ತದೆ. ದೂಳು ಕೊಡವಿ ಕೊಕ್ಕು, ತಟ್ಟೆ, ಸೂಜಿಯ ತುದಿಗೆ ಗ್ರೀಸ್ ಸವರಿ ನೆರಳಿನಲ್ಲಿ ನಿಲ್ಲಿಸಿ. ಮುಂದಿನ ಹಂಗಾಮಿನ ಮೊದಲು ಆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯುವುದನ್ನು ಮರೆಯಬಾರದು. ಜಿಡ್ಡಿನ ಕೊಕ್ಕಿಗೆ ಹುಲ್ಲಿನ ದೂಳು ಹತ್ತಿದರೆ ಮೊದಲ ದಿನವೇ ಮತ್ತೆ ಅದೇ ದೂರು ಬರುತ್ತದೆ. ಸ್ಪ್ರಿಂಗುಗಳನ್ನು ಹಂಗಾಮಿನಲ್ಲಿ ಎಲ್ಲಿಗೆ ಹೊಂದಿಸಿ ಚೆನ್ನಾಗಿ ನಡೆಯಿತೋ ಆ ಅಳತೆಯನ್ನು, ಎಡಕ್ಕೊಂದು ಬಲಕ್ಕೊಂದು, ಹುರಿಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬಣ್ಣದಿಂದ ಬರೆದಿಡಿ.